ತಾಯಿಯ ಅನಾರೋಗ್ಯದ ನಿಮಿತ್ತ

ಉಗುರಿನ ಸಂದಿಯಲ್ಲಿ ಹಿಟ್ಟು ಹಾಗೇ ಕೂತಿದೆ, ಬಲಗೈಯ ಮೂರು ಉಗುರುಗಳಲ್ಲಿ ಬಿಳಿ ಗೆರೆ, ರೇವಮ್ಮ ಕೈ ತೊಳೆದುಕೊಂಡಿದ್ದಾಳೆ ಆದರೆ ಗಡಿಬಿಡಿಯಲ್ಲಿ, ಬಸ್ಸು ತಪ್ಪೀತೆಂದು, ನಸುಕಿಗೇ ಎದ್ದು ಬೀಸುವ ಕಲ್ಲಿನ ಮುಂದೆ ಕೂತು ಜೋಳದ ನುಚ್ಚು ಒಡೆದದ್ದು ಗೋಡೆಯಾಚೆ ನನಗೆ ಕೇಳಿಸುತ್ತಿತ್ತು, ಗರಗರ, ಗರಗರ, ಯಾರಿಗೆಂದು ಗೊತ್ತಿದ್ದೂ ಹೊದಿಕೆಯನ್ನು ಕಿವಿಯ ತನಕ ಎಳೆದುಕೊಂಡು ಮಲಗಿದ್ದೆ — ಗಿರಣ್ಯಾಗ ಒಡಿಸಿದ್ದು ಹಿಟ್ಟೇ ಆಗಿಬಿಡ್ತದ್ರಿ ಸರ್, ಬೀಮಾರ ಇದ್ದೋರಿಗಿ ಕೈಲೆ ಒಡದ ನುಚ್ಚೇ ಬೇಕು, ಅನ್ನುತ್ತಾಳೆ ಈಗ, ಮಡಿಲಲ್ಲಿರುವ ಗಂಟಿನ ಮೇಲೆ ಆ ಕೈಯಿಟ್ಟುಕೊಂಡು, ಬೀಮಾರ ಇದ್ದವರು ಅಂದರೆ ನನ್ನ ತಾಯಿ, ಆಳಂದದಲ್ಲಿರುವ ನನ್ನ ತಾಯಿ ಲೀಲಾಬಾಯಿ, ಆಕೆಗೆ ನೆಗಡಿಯೂ ಇಲ್ಲ. ಮೊನ್ನೆ ಬಂದ ಕಾರ್ಡಿನಲ್ಲಿ ಬರೆದಿದ್ದಾಳೆ, ನೀ ಶನಿವಾರ ಬರ್ತಿ ಅಂದ್ರ ಚಕ್ಕಲಿ ಮಾಡಿಡ್ತೀನಿ, ಜೇವರ್ಗಿಗೆ ಒಯ್ಯಲಿಕ್ಕೆ ಆಗ್ತದ, ಇವತ್ತು ಶನಿವಾರ, ಈ ಹೊತ್ತಿಗೆ ಆಕೆ ಸ್ನಾನ ಮಾಡಿ ಮಡಿಯುಟ್ಟು ಹಿಟ್ಟು ಕಲಸಲು ಕೂತಿರುತ್ತಾಳೆ, ಮತ್ತು ನಾನು ಇಲ್ಲಿ, ಈ ಕೆಂಪು ಬಸ್ಸಿನ ಎಡಗಡೆಯ ಸೀಟಿನಲ್ಲಿ, ಆಕೆಯನ್ನು ಹಾಸಿಗೆ ಹಿಡಿಸಿಕೊಂಡು ಕೂತಿದ್ದೇನೆ, ಪಕ್ಕದಲ್ಲಿ ಆಕೆಯನ್ನು ಮಾತಾಡಿಸಲು ಬರುತ್ತಿರುವ ರೇವಮ್ಮ, ಮಾದನಹಿಪ್ಪರಗಾದಲ್ಲಿ ಏಳು ತಿಂಗಳು ನಾನು ಬಾಡಿಗೆಗಿದ್ದ ಮನೆಯ ಒಡತಿ, ಮುಂದೆ ಡ್ರೈವರನ ಬೆನ್ನ ಹಿಂದೆ ನನ್ನ ಟ್ರಂಕು. ಹೇಳಿಬಿಡಬೇಕು. ಆಳಂದ ಬರುವುದರೊಳಗೆ ಹೇಳಿಬಿಡಬೇಕು, ನಮ್ಮ ತಾಯಿ ಆರಾಮ ಇದ್ದಾರೆ ರೇವಮ್ಮ, ನನಗೆ ಜೇವರ್ಗಿಯಲ್ಲಿ ಇದಕ್ಕಿಂತ ಒಳ್ಳೆಯ ನೌಕರಿ ಸಿಕ್ಕಿದೆ, ಎರಡೇ ಮಾತು, ಹತ್ತನೆಯ ವರ್ಗಕ್ಕೆ ಪ್ರಮೇಯ ಹೇಳಿಕೊಡುವಾಗ ಎಷ್ಟು ಸಲೀಸಾಗಿ ತೆರೆಯುತ್ತಿತ್ತು ಈ ಬಾಯಿ, ಈಗ ತುಟಿಗೆ ತುಟಿ ಅಂಟಿಕೊಂಡಿದೆ, ಡೀಸೆಲ್ ವಾಸನೆ, ಹಿಂದಿನ ಸೀಟಿನವನ ತಂಬಾಕಿನ ವಾಸನೆ, ಕಿಟಕಿಯ ಸರಳಿನ ಮೇಲೆ ನಿನ್ನೆಯದೋ ಮೊನ್ನೆಯದೋ ಯಾರದೋ ಒಣಗಿದ ವಾಂತಿ, ಅದನ್ನು ನೋಡಬಾರದೆಂದು ಈ ಕಡೆ ತಿರುಗಿದರೆ ರೇವಮ್ಮನ ಉಗುರು.

ತಾಯಿಯ ಅನಾರೋಗ್ಯದ ನಿಮಿತ್ತ — ಆ ಮಾತು ನನ್ನದಲ್ಲ, ನಮ್ಮ ಹೆಡ್‌ಮಾಸ್ತರ ಶ್ರೀಪಾದರಾಯರದು, ನಾನು ಖರೆ ಹೇಳಬೇಕೆಂದೇ ಹೋಗಿದ್ದೆ, ಹೋಗಿದ್ದೆನೇ, ಹೌದು, ಗುರುವಾರ ಮಧ್ಯಾಹ್ನ ಅವರ ಖೋಲಿಗೆ ಜೇವರ್ಗಿಯ ಆರ್ಡರನ್ನು ಮಡಿಚಿ ಕಿಸೆಯಲ್ಲಿಟ್ಟುಕೊಂಡು ಹೋಗಿದ್ದೆ, ಅಲ್ಲೊಂದು ಕಾಲೇಜು, ವರ್ಷದ ಆರ್ಡರು, ಮುಂದೆ ಖಾಯಂ ಆದೀತು ಎಂಬ ಮಾತು, ಸೋಮವಾರ ಹತ್ತೂವರೆಗೆ ಹಾಜರಾಗದಿದ್ದರೆ ಪಟ್ಟಿಯಲ್ಲಿ ಮುಂದಿನ ಹೆಸರಿಗೆ ಹೋಗುತ್ತದೆ, ಇಲ್ಲಿ ನನ್ನದು ಹಂಗಾಮಿ, ಟ್ರೇನಿಂಗಿಗೆ ಹೋದ ಗಣಿತದ ಮಾಸ್ತರ ಜಾಗದಲ್ಲಿ ಏಪ್ರಿಲ್ ತನಕ, ಇನ್ನೆರಡೇ ತಿಂಗಳು, ಆದರೆ ಆ ಎರಡು ತಿಂಗಳಲ್ಲೇ ಹತ್ತನೆಯವರ ಪರೀಕ್ಷೆ. ರಾಯರು ಆರ್ಡರು ಓದಿದರು, ನಶ್ಯ ಏರಿಸಿದರು, ಕರವಸ್ತ್ರಕ್ಕೆ ಮೂಗು ಒರೆಸಿದರು, ಆ ಕರವಸ್ತ್ರದ ಬಣ್ಣ ದೇವರಿಗೇ ಪ್ರೀತಿ, ಛಲೋ ಆತು ವಾಮನರಾವ್, ಆದ್ರ ರಾಜೀನಾಮಾದಾಗ ಹಿಂಗ ಬರೀಬ್ಯಾಡ್ರಿ, ಅಂದರು, ಬ್ಯಾರೆ ಕಡೆ ಛಲೋ ಜಾಗಾ ಸಿಕ್ಕದ ಅಂತ ಬರದ್ರ ಸಂಸ್ಥಾಕ್ಕ ಅಪಮಾನ ಮಾಡಿದಂಗ, ಸೆಕ್ರೆಟರಿ ಬಸವಂತರಾಯರು ಸಿಟ್ಟಾಗ್ತಾರ, ಸರ್ಟಿಫಿಕೇಟ್ ತಡೀತಾರ, ತಾಯಿ ಬೀಮಾರ ಅಂತ ಬರೀರಿ, ಅದು ರಿವಾಜು. ಆರಾಮ ಇದ್ದಾರಲ್ಲ ಸರ್ ಅಂದೆ. ಎಲ್ಲಾರ ತಾಯಂದಿರೂ ಆರಾಮೇ ಇದ್ರು, ಅಂದರು, ಕಪಾಟಿನಿಂದ ಒಂದು ಫೈಲು ತೆಗೆದು ನನ್ನ ಮುಂದೆ ಹರವಿದರು, ನನಗಿಂತ ಮೊದಲಿನ ಹಂಗಾಮಿ ಮಾಸ್ತರು, ಅವನಿಗಿಂತ ಮೊದಲಿನವನು, ಇಂಗ್ಲಿಷಿನವನು, ಡ್ರಿಲ್ ಮಾಸ್ತರು, ಒಂದೊಂದು ಹಾಳೆಯಲ್ಲೂ ಒಬ್ಬ ತಾಯಿ ಮಲಗಿದ್ದಳು, ಬೇರೆ ಬೇರೆ ಕೈಬರಹ, ಅದೇ ಅನಾರೋಗ್ಯ, ಅದೇ ನಿಮಿತ್ತ, ದವಾಖಾನೆಯ ವಾರ್ಡಿನಲ್ಲಿ ನಡೆದಾಡಿದ ಹಾಗೆ ನಾನು ಹಾಳೆ ತಿರುವಿದೆ. ತಂದೆ ಅಂತ ಬರೆಯಲೇನ್ರಿ ಅಂದೆ, ಅಂದೆನಲ್ಲ, ಚೌಕಾಶಿ ಮಾಡಿದೆ, ತಾಯಿಯ ಬದಲು ಸತ್ತ ತಂದೆಯನ್ನು ಎಬ್ಬಿಸಿ ಮಲಗಿಸಲು ಹೊರಟೆ, ಥೂ. ತಂದಿ ಬ್ಯಾಡ, ತಾಯಿ ಅಂದ್ರ ಯಾರೂ ತಿರುಗಿ ಕೇಳಂಗಿಲ್ಲ, ಬರೀರಿ, ಅಂದರು, ಪೆನ್ನಿನ ಟೋಪಿ ಅವರೇ ತೆಗೆದು ಕೊಟ್ಟರು, ನಾನು ಬರೆದೆ, ಅಕ್ಷರ ಬಹಳ ಚೆನ್ನಾಗಿ ಬಂತು. ಆಮೇಲೆ ದನಿ ತಗ್ಗಿಸಿ, ಅಲ್ಲಿ ಫಿಸಿಕ್ಸ್‌ದು ಜಾಗಾ ಖಾಲಿ ಆದ್ರ ನಮ್ಮ ಅಳಿಯನ ಹೆಸರು ಜರಾ ಕಿವಿಗಿ ಹಾಕ್ರಿ, ಅಂದರು.

ಫೈಲಿಗೆ ಸೇರುವ ಕಾಗದ ಅಂದುಕೊಂಡಿದ್ದೆ, ಫೈಲಿನಲ್ಲೇ ಮಲಗಿ ಬಿಡುತ್ತಾಳೆ ತಾಯಿ, ಉಳಿದವರ ತಾಯಂದಿರ ಪಕ್ಕದಲ್ಲಿ, ಆದರೆ ಶುಕ್ರವಾರ ಬೆಳಿಗ್ಗೆ ಪ್ರಾರ್ಥನೆ ಮುಗಿದ ಮೇಲೆ ರಾಯರು ಮೈದಾನದಲ್ಲಿ ಆ ಕಾಗದವನ್ನು ಗಟ್ಟಿಯಾಗಿ ಓದಿದರು, ಮಕ್ಕಳೇ, ನಿಮ್ಮ ಗಣಿತದ ಗುರುಗಳ ಮಾತೋಶ್ರೀಯವರು ಹಾಸಿಗೆ ಹಿಡಿದಿದ್ದಾರೆ, ಎರಡು ನಿಮಿಷ ಕಣ್ಣು ಮುಚ್ಚಿ ಅವರಿಗಾಗಿ ಬೇಡಿಕೊಳ್ಳಿರಿ, ಅಂದರು, ಇನ್ನೂರು ಮಕ್ಕಳು ಕಣ್ಣು ಮುಚ್ಚಿದರು, ಬರೇ ಕಾಲಿನವು, ಎಣ್ಣೆ ಹಚ್ಚಿ ಬಾಚಿದ ತಲೆಗಳು, ಬಾಯೊಳಗೆ ಏನೋ ಅನ್ನುತ್ತಿದ್ದವು, ನಾನೊಬ್ಬ ಕಣ್ಣು ತೆರೆದು ನಿಂತಿದ್ದೆ, ಇಲ್ಲ, ಉಳಿದ ಮಾಸ್ತರುಗಳೂ ಕಣ್ಣು ತೆರೆದಿದ್ದರು, ಡ್ರಾಯಿಂಗ್ ಮಾಸ್ತರು ನನ್ನ ಕಡೆ ನೋಡಿ ಹುಬ್ಬು ಹಾರಿಸಿದ್ದು ಕಂಡಿತು, ಎಲ್ಲರಿಗೂ ಗೊತ್ತು, ಗುರುವಾರ ಸಂಜೆಗೇ ಗೊತ್ತಾಗಿತ್ತು. ಆಮೇಲೆ ಸ್ಟಾಫ್ ರೂಮಿನಲ್ಲಿ ಬೀಳ್ಕೊಡುಗೆ, ಚೂಡಾ, ಬಾಳೆಹಣ್ಣು, ಚಹಾ, ಒಂದು ಟಾವೆಲು, ಒಂದು ತೆಂಗಿನಕಾಯಿ, ಒಬ್ಬೊಬ್ಬರೇ ಎದ್ದು ನಿಂತು ವಾಮನರಾಯರ ತಾಯಿಯವರು ಬೇಗ ಗುಣಮುಖರಾಗಲಿ ಎನ್ನುವುದು, ಕೂಡುವಾಗ ನನ್ನ ಕಿವಿಗೆ ಬಾಗಿ, ಜೇವರ್ಗಿ ಛಲೋ ಊರ್ರಿ, ಅನ್ನುವುದು, ಚೂಡಾದ ಶೇಂಗಾಬೀಜ ಅಗಿಯುತ್ತ ಅನ್ನುವುದು, ಅದೇ ಬಾಯಿಂದ ಎರಡೂ. ನಾನು ಉತ್ತರ ಭಾಷಣ ಮಾಡಿದೆ. ಗಂಟಲು ಕಟ್ಟಿದ ಹಾಗೆ ಮಾಡಿದೆನೋ, ಕಟ್ಟಿಯೇ ಇತ್ತೋ, ಈಗ ಕೇಳಿಕೊಂಡರೆ ತಿಳಿಯುವುದಿಲ್ಲ, ಹೊರಗೆ ವರಾಂಡದಲ್ಲಿ ರೇವಮ್ಮನ ಮಗಳು ಸಾಬವ್ವ ಗೋಡೆಗೆ ಮುಖ ಮಾಡಿ ನಿಂತಿದ್ದಳು, ಅವರ ಓಣಿಯಲ್ಲಿ ಹತ್ತನೆಯ ವರ್ಗದ ತನಕ ಬಂದ ಮೊದಲ ಹುಡುಗಿ, ಉಳಿದ ವಿಷಯವೆಲ್ಲ ಹೇಗೋ ಪಾಸಾಗುತ್ತಾಳೆ, ಗಣಿತ ಒಂದು ಆದರೆ ಆಯಿತು, ಆಗದಿದ್ದರೆ ಮಳೆಗಾಲಕ್ಕೆ ಮದುವೆ, ಗಂಡು ನೋಡಿಟ್ಟಿದ್ದಾರೆ, ಇದನ್ನು ನನಗೆ ರೇವಮ್ಮನೇ ಹೇಳಿದ್ದು, ರೊಟ್ಟಿ ಬಡಿಯುತ್ತ, ನೀವು ಇದ್ದೀರಿ ಅಂತ ಧೈರ್ಯ ಅದರಿ ಸರ್, ಅಂದಿದ್ದಳು. ವೃತ್ತದ ಪಾಠ ಶುರು ಮಾಡಿ ಅರ್ಧಕ್ಕೆ ಬಿಟ್ಟಿದ್ದೇನೆ, ಅದರಿಂದಲೇ ಮೂರು ಪ್ರಶ್ನೆ ಬರುತ್ತವೆ, ಕರಿಹಲಗೆಯ ಮೇಲೆ ಎಳೆದ ವೃತ್ತವನ್ನು ಇನ್ನೂ ಯಾರೂ ಒರೆಸಿರಲಿಕ್ಕಿಲ್ಲ.

ರಿವಾಜು, ರಾಯರಿಗೆ ಒಂದೇ ರಿವಾಜು ಗೊತ್ತು, ಊರಿನ ರಿವಾಜು ಬೇರೆ ಇದೆ ಎಂಬುದು ಅವರಿಗೂ ನನಗೂ ಹೊಳೆಯಲಿಲ್ಲ, ಬೀಮಾರ ಅಂತ ಕಿವಿಗೆ ಬಿದ್ದ ಮೇಲೆ ಮಾತಾಡಿಸದೆ ಇದ್ದರೆ ಮನುಷ್ಯರಲ್ಲ, ನಿನ್ನೆ ಸಂಜೆ ನನ್ನ ಖೋಲಿಯ ಮುಂದೆ ಒಬ್ಬರ ಹಿಂದೆ ಒಬ್ಬರು, ಮೂಲೆಮನೆಯ ನಿಂಬೆವ್ವ ಎರಡು ಮೋಸಂಬಿ ತಂದಳು, ಬಳೆ ಮಾರುವ ಕುಲಸುಮಬಿ ದರ್ಗಾದ ದಾರವನ್ನು ಕಾಗದದಲ್ಲಿ ಸುತ್ತಿ ತಂದಳು, ಅಮ್ಮಾಜಾನ್ ಕೈಗಿ ಕಟ್ರಿ ಸರ್, ಮೂರು ದಿನದಾಗ ಎದ್ದು ಕೂಡ್ತಾರ, ಅಂದಳು, ಏನಾಗಿದೆ ಎಂದು ಎಲ್ಲರೂ ಕೇಳಿದರು, ಕೇಳುವುದೂ ರಿವಾಜು, ನಾನು ಒಬ್ಬರಿಗೆ ಜ್ವರ ಅಂದೆ, ಇನ್ನೊಬ್ಬರಿಗೆ ಎದೆನೋವು ಅಂದೆ, ರೇವಮ್ಮನಿಗೆ, ನಿಶ್ಶಕ್ತಿ, ಏಳಲಿಕ್ಕೆ ಆಗುವುದಿಲ್ಲ ಅಂದೆ, ಅದೇ ತಪ್ಪಾಯಿತು, ಏಳಾಕ ಆಗಂಗಿಲ್ಲ ಅಂದ್ರ ಮನ್ಯಾಗ ಹೆಣ್ಮಕ್ಕಳು ಯಾರದಾರ್ರಿ ನೋಡ್ಕೊಳ್ಳಾಕ, ಅಂದಳು, ಯಾರೂ ಇಲ್ಲ ಎಂದು ಖರೆಯನ್ನೇ ಹೇಳಿದೆ, ಒಂದೇ ಒಂದು ಖರೆ, ಅದೇ ನನ್ನನ್ನು ಹಿಡಿದುಹಾಕಿತು. ನಾ ಬರ್ತೇನಿ, ಅಂದಳು, ಮುಂಜಾನೆ ನಿಮ್ಮ ಕೂಡ ಬಂದು ಮಾತಾಡ್ಸಿ, ಮೈಕೈ ಒತ್ತಿ, ಸಂಜಿ ಬಸ್ಸಿಗಿ ತಿರುಗಿ ಬರ್ತೇನಿ. ಬೇಡ ಬೇಡ ಎಂದೆ, ನನ್ನ ದನಿ ಕೀರಲು ಬಂತು. ಬ್ಯಾಡ ಅನ್ನಬ್ಯಾಡ್ರಿ ಸರ್, ಏಳು ತಿಂಗಳು ನಮ್ಮ ಮನಿ ರೊಟ್ಟಿ ಉಂಡೀರಿ, ಅವರು ನಮಗ ಬೀಗರಿದ್ದಂಗ, ಅಂದಳು, ಅದಕ್ಕೆ ನಾನು ಏನು ಹೇಳಲಿ, ಆ ರೊಟ್ಟಿಯ ಸಂಗತಿಯೇ ನನ್ನ ತಾಯಿಗೆ ಗೊತ್ತಿಲ್ಲ, ಸ್ಟೋವಿನ ಮೇಲೆ ನಾನೇ ಅನ್ನ ಮಾಡಿಕೊಳ್ಳುತ್ತೇನೆ ಎಂದು ಪ್ರತಿ ಕಾರ್ಡಿನಲ್ಲೂ ಬರೆದಿದ್ದೇನೆ, ಸ್ಟೋವಿನ ಬತ್ತಿ ಇನ್ನೂ ಹೊಸದಾಗಿಯೇ ಇದೆ ಟ್ರಂಕಿನಲ್ಲಿ. ಬಿಸಿ ರೊಟ್ಟಿ, ಪುಂಡಿಪಲ್ಲೆ, ಮೇಲೆ ಶೇಂಗಾಹಿಂಡಿ, ಆಕೆ ಬಡಿಯುವಾಗ ಕೈಬಳೆ ಮೇಲೆ ಸರಿಸಿಕೊಳ್ಳುತ್ತಿದ್ದಳು, ಅಂಗೈ ತುಂಬ ಹಿಟ್ಟು, ನಾನು ಬಾಗಿಲಲ್ಲಿ ತಾಟು ಹಿಡಿದು ಕೂತಿರುತ್ತಿದ್ದೆ, ಇನ್ನೊಂದು ಹಾಕ್ರಿ ಎಂದು ನಾಚಿಕೆಯಿಲ್ಲದೆ ಕೇಳುತ್ತಿದ್ದೆ. ಬರುವಾಗ ರೊಟ್ಟಿ ಕಟ್ಟಿಕೊಂಡಿಲ್ಲ ಆಕೆ, ಅದನ್ನೂ ಹೇಳಿದಳು ಬಸ್ಸು ಹತ್ತುವಾಗ, ಬೇಯಿಸಿದ್ದು ನಿಮ್ಮ ಮನ್ಯಾಗ ನಡಿಯಂಗಿಲ್ಲ, ನಂಗ ಗೊತ್ತದರಿ, ಅದಕ್ಕ ನುಚ್ಚು ತಂದೀನಿ, ನೀವೇ ಕುದಿಸಿ ಕೊಡ್ರಿ ಅವ್ವಾರಿಗಿ. ಯಾರ ಮನೆಗೆ ಏನನ್ನು ಒಯ್ಯಬೇಕು, ಏನನ್ನು ಒಯ್ಯಬಾರದು, ಎಲ್ಲ ತಿಳಿದುಕೊಂಡು ಹೊರಟಿದ್ದಾಳೆ, ಎಂ.ಎಸ್ಸಿ. ಓದಿದ ನನಗೆ ಬಿಡುವಾಗ ಹೇಗೆ ಬಿಡಬೇಕು ಎಂಬುದೂ ತಿಳಿಯಲಿಲ್ಲ.

ಆದರೆ ಯಾಕೆ ನಾನೊಬ್ಬನೇ ನಾಚಬೇಕು, ಸಂಸ್ಥೆಯವರು ನಮ್ಮನ್ನು ಬಿಡುವಾಗ ಯಾರ ತಾಯಿ ಬೀಮಾರ ಬೀಳುತ್ತಾಳೆ, ಅಫಜಲಪುರ ತಾಲೂಕಿನ ಅತನೂರಿನಲ್ಲಿ ನಾನು ಮೂರು ತಿಂಗಳು ಇದ್ದೆ, ರಜೆಯ ಮೇಲೆ ಹೋದವನ ಜಾಗದಲ್ಲಿ, ಒಂದು ಬುಧವಾರ ಎಂಟನೆಯ ವರ್ಗಕ್ಕೆ ಪಾಠ ಮಾಡುತ್ತಿದ್ದೇನೆ, ಆ ಮನುಷ್ಯ ಬಾಗಿಲಲ್ಲಿ ಬಂದು ನಿಂತ, ರಜಾ ಮುಗೀತ್ರಿ, ಅಂದ, ನನ್ನ ಕೈಯೊಳಗಿನ ಕರಿಹಲಗೆಯ ಖಡುವನ್ನು ತೆಗೆದುಕೊಂಡ, ಸಮೀಕರಣ ಅರ್ಧಕ್ಕಿತ್ತು, ಉಳಿದರ್ಧ ಅವನೇ ಬರೆದ, ನಾನು ಅಂಗೈ ಒರೆಸಿಕೊಳ್ಳುತ್ತ ಹೊರಗೆ ಬಂದೆ, ಒಂದು ಕಪ್ಪು ಚಹಾಕ್ಕೂ ಯಾರೂ ಕರೆಯಲಿಲ್ಲ, ಅಲ್ಲಿ ಯಾವ ಮಕ್ಕಳೂ ಕಣ್ಣು ಮುಚ್ಚಲಿಲ್ಲ. ಹಾಗಾದರೆ ನಾನೂ ಬಿಡುತ್ತೇನೆ, ಬಿಡುವುದು ತಪ್ಪಲ್ಲ, ಬಿಡುವುದು ತಪ್ಪೇ ಅಲ್ಲ, ಒಳ್ಳೆಯದು ಸಿಕ್ಕಾಗ ಯಾವನು ಬಿಡುವುದಿಲ್ಲ, ಇದನ್ನೇ ರೇವಮ್ಮನಿಗೆ ಹೇಳಿದರೆ ಆಕೆ ತಿಳಿದುಕೊಳ್ಳುತ್ತಾಳೆ, ಕೂಲಿಗೆ ಹೋಗುವವರು ಜಾಸ್ತಿ ಕೊಡುವ ಹೊಲಕ್ಕೆ ಹೋಗುತ್ತಾರೆ, ಬರಲ್ಲರೀ ಎಂದು ಮುಖದ ಮೇಲೆ ಹೇಳಿಯೇ ಹೋಗುತ್ತಾರೆ, ಯಾರ ತಾಯಿಯನ್ನೂ ಮಲಗಿಸುವುದಿಲ್ಲ. ಈಗ ಹೇಳುತ್ತೇನೆ. ರೇವಮ್ಮ, ಅಂದೆ. ಏನ್ರಿ ಸರ್, ಎಂದು ತಿರುಗಿದಳು. ಅಷ್ಟರಲ್ಲಿ ಕಂಡಕ್ಟರ್, ನನಗೆ ಪರಿಚಯದವನು, ತಾಯಿಯವರಿಗೆ ಬೀಮಾರಂತಲ್ರಿ ಮಾಸ್ತರ್ರ, ಎಂದ, ಅವನಿಗೂ ಮುಟ್ಟಿದೆ, ಹಿಂದೆ ಕೂತ ತಂಬಾಕಿನವನು, ಮಟಕಿ ಊರಿನವನಂತೆ, ಯಾವ ದವಾಖಾನಿಗಿ ತೋರ್ಸೀರಿ ಎಂದು ಮುಂದಕ್ಕೆ ಬಾಗಿದ, ಅವನ ಬಾಯಿಯ ವಾಸನೆ ನನ್ನ ಕೊರಳಿಗೆ ಬಡಿಯಿತು, ಸೋಲಾಪುರಕ್ಕ ಒಯ್ಯಿರಿ, ಇಲ್ಲಿ ಏನೂ ಆಗಂಗಿಲ್ಲ, ಅಂದ, ಒಯ್ಯುತ್ತೇನೆ ಅಂದೆ. ಒಯ್ಯುತ್ತೇನೆ ಅಂದೆನಲ್ಲ, ನಾಲಿಗೆ ತಾನೇ ಹೇಳಿತು, ರೇವಮ್ಮ ಆ ಕೈಯಿಂದ ನನ್ನ ಮೊಣಕೈ ಮುಟ್ಟಿ, ಹೆದರಬ್ಯಾಡ್ರಿ, ಆರಾಮ ಆಗ್ತಾರ, ಆರಾಮಾದ ಮ್ಯಾಲ ಒಂದೆಂಟು ದಿನ ಬಂದು ಆ ವೃತ್ತದ್ದು ಮುಗಿಸಿಕೊಡ್ರಿ, ಸಾಬವ್ವ ರಾತ್ರಿ ಉಂಡಿಲ್ಲ, ಅಂದಳು. ಗಂಟಿನ ಸಂದಿಯಿಂದ ನೋಟುಬುಕ್ಕು ತೆಗೆದುಕೊಟ್ಟಳು, ಸಾಬವ್ವನದು, ಹಿಂದಿನ ಪುಟದಲ್ಲಿ ಆಕೆಗೆ ಬಾರದ ಲೆಕ್ಕಗಳು, ಕೆಳಗೆ ದುಂಡು ಅಕ್ಷರದಲ್ಲಿ, ಸರ್ ಅವ್ವನವರು ನಿದ್ದೆ ಮಾಡುವಾಗ ಬಿಡಿಸಿ ಕಳಿಸಿರಿ, ಅವಸರ ಇಲ್ಲ. ಆ ಹುಡುಗಿಗೆ ಇರುವ ಅವಸರ ನನಗೆ ಗೊತ್ತು, ಆರು ವಾರ, ಆಮೇಲೆ ಪರೀಕ್ಷೆ, ಆಮೇಲೆ ಮಳೆಗಾಲ. ನೋಟುಬುಕ್ಕನ್ನು ಮಡಿಲಲ್ಲಿಟ್ಟುಕೊಂಡೆ. ಆಳಂದ ಬಂತು.

ಬಸ್‌ಸ್ಟ್ಯಾಂಡಿನಿಂದ ಮನೆಗೆ ಹತ್ತು ನಿಮಿಷದ ದಾರಿ, ಹತ್ತು ನಿಮಿಷದಲ್ಲಿ ಒಂದು ಉಪಾಯ, ಓಡಿಹೋಗಿ ಮೊದಲು ಮುಟ್ಟಬೇಕು, ಅವ್ವಾ ಮಲಗು ಎನ್ನಬೇಕು, ಥೂ, ಅಥವಾ ಇಲ್ಲೇ ಚಹಾದ ಅಂಗಡಿಯಲ್ಲಿ ಕೂಡಿಸಿ ಹೇಳಿಬಿಡಬೇಕು, ರೇವಮ್ಮ ಚಹಾ ಕುಡಿಯೋಣ ಎಂದರೆ, ಮೊದಲ ಅವ್ವಾರನ್ನ ನೋಡೋಣ ಬರ್ರಿ, ಎಂದು ಮುಂದೆ ಮುಂದೆ ನಡೆಯುತ್ತಾಳೆ, ಟ್ರಂಕು ಹೊತ್ತವನು ನನ್ನ ಮನೆ ಬಲ್ಲವನು, ಅವನ ಹಿಂದೆ ಆಕೆ, ಆಕೆಯ ಹಿಂದೆ ನಾನು, ತಪ್ಪು ಮಾಡಿದ ಹುಡುಗನನ್ನು ಮನೆಗೆ ಕರೆದುಕೊಂಡು ಹೋಗುವ ಹಾಗೆ, ಗಟಾರದ ಮೇಲೆ ಹಂದಿ, ಕೊಳೆತ ಕೋಸಿನೆಲೆ, ಬಾಗಿಲು ತೆರೆದೇ ಇತ್ತು, ನಮ್ಮ ಮನೆಯ ಬಾಗಿಲು, ಟ್ರಂಕಿನ ಸಪ್ಪಳಕ್ಕೆ ತಾಯಿ ಹೊರಗೆ ಬಂದಳು, ಗಟ್ಟಿಮುಟ್ಟಾದ ಹೆಂಗಸು, ಹಣೆಯ ಮೇಲೆ ಬೆವರು, ಬಲಗೈ ಮಣಿಕಟ್ಟಿನ ತನಕ ಚಕ್ಕಲಿ ಹಿಟ್ಟು, ಬಂದ್ಯೇನೋ ವಾಮ್ಯಾ, ಎಂದು ಇಡೀ ಓಣಿಗೆ ಕೇಳುವ ದನಿ. ರೇವಮ್ಮ ಆಕೆಯನ್ನು ಹಿಂದೆಂದೂ ನೋಡಿದವಳಲ್ಲ, ಸೆರಗು ಸರಿಮಾಡಿಕೊಂಡು, ಶರಣರೀ ಬಾಯಿ, ಸರ್ ಅವ್ವಾರು ಎಲ್ಲಿ ಮಲಗ್ಯಾರ್ರಿ, ಭಾಳ ಬೀಮಾರ ಅದಾರಂತ ಕೇಳಿ ಮಾತಾಡ್ಸಾಕ ಬಂದೀನಿ, ಮಾದನಹಿಪ್ಪರಗಾದಿಂದ, ಅಂದಳು. ತಾಯಿ ನನ್ನನ್ನು ನೋಡಿದಳು. ಒಂದು ರೆಪ್ಪೆ ಬಡಿಯುವಷ್ಟು ಹೊತ್ತು. ಅಷ್ಟೇ ಸಾಕಾಯಿತು, ಒಂದು ಮಾತು ಕೇಳಲಿಲ್ಲ, ನನ್ನ ಮುಖದಲ್ಲಿ ಎಲ್ಲ ಓದಿಕೊಂಡಳು, ಎಡಗೈಯಿಂದ ಬಾಗಿಲು ಹಿಡಿದಳು, ಭುಜ ಇಳಿಬಿದ್ದವು, ಕಣ್ಣು ಗುಳಿಗೆ ಹೋದವು, ಬಲಗೈ ಸೆರಗಿನೊಳಗೆ ಹೋಯಿತು — ನಾನೇ ಅವ್ವಾ, ಈಗ ಜರಾ ಎದ್ದಿದ್ದೆ ನೋಡು, ಅಂದಳು, ಎಲ್ಲಿತ್ತು ಆ ದನಿ, ಬಾವಿಯ ತಳದಿಂದ ಬಂತು. ಗೋಡೆ ಹಿಡಿದು ನಡೆದಳು, ಪಡಸಾಲೆಯ ಮಂಚದ ಮೇಲೆ ಮಲಗಿದಳು, ಕೌದಿಯನ್ನು ಕತ್ತಿನ ತನಕ ಎಳೆದುಕೊಂಡಳು, ಎಷ್ಟು ಚೆನ್ನಾಗಿ ಮಾಡಿದಳು, ಎಷ್ಟು ಸಭ್ಯವಾಗಿ, ನನ್ನ ಬಾಲ್ಯ ನೆನಪಾಯಿತು, ತಂದೆ ಬಾಗಿಲ ಹಿಂದೆ ಕೂತು ಉಪ್ಪಿಟ್ಟು ತಿನ್ನುತ್ತಿದ್ದರೆ ಇದೇ ತಾಯಿ ಹೊರಗೆ ನಿಂತು, ಅವನನ್ನು ಕೇಳಿಕೊಂಡು ಬಂದವರಿಗೆ, ಸೋಲಾಪುರಕ್ಕೆ ಹೋಗ್ಯಾರ್ರಿ, ಅನ್ನುತ್ತಿದ್ದಳು, ಬಂದವರ ಮನಸ್ಸು ನೋಯಬಾರದು ವಾಮ್ಯಾ, ಅನ್ನುತ್ತಿದ್ದಳು ಆಮೇಲೆ ನನಗೆ, ಅದನ್ನೇ ಉಂಡು ಬೆಳೆದವನು ನಾನು, ರಾಯರು ಹೊಸದೇನೂ ಕಲಿಸಲಿಲ್ಲ.

ರೇವಮ್ಮ ಮಂಚದ ಕೆಳಗೆ ನೆಲದ ಮೇಲೆ ಕೂತಳು, ಕೌದಿಯ ಮೇಲಿಂದಲೇ ಕಾಲು ಒತ್ತತೊಡಗಿದಳು, ಮುಟ್ಟಬಹುದೇ ಎಂದು ಕಣ್ಣಿನಲ್ಲೇ ನನ್ನನ್ನು ಕೇಳಿ, ತಾಯಿ ಮಡಿಯಲ್ಲಿದ್ದಾಳೆ, ಮುಟ್ಟಿಸಿಕೊಂಡಳು, ಮಗನ ಮಾನ ಉಳಿಯಲಿ ಎಂದು ಮುಟ್ಟಿಸಿಕೊಂಡಳು, ಆಮೇಲೆ ಎರಡು ತಂಬಿಗೆ ನೀರು ಸುರಿದುಕೊಂಡರಾಯಿತು ಎಂದು ಆಕೆ ಲೆಕ್ಕ ಹಾಕಿದ್ದು ನನಗೆ ತಿಳಿಯಿತು, ನಾನು ಕಂಬಕ್ಕೆ ಆತು ನಿಂತಿದ್ದೆ, ಕೈಯಲ್ಲಿ ಸಾಬವ್ವನ ನೋಟುಬುಕ್ಕು. ಸರ್ ನಮ್ಮ ಸಾಲಿಗಿ ದೇವರಿದ್ದಂಗರಿ ಬಾಯಿ, ಅನ್ನುತ್ತಿದ್ದಾಳೆ ರೇವಮ್ಮ, ನೀವು ಜಲ್ದಿ ಆರಾಮಾಗ್ರಿ, ನನ್ನ ಮಗಳು ದಿನಾ ನಿಮ್ಮ ಸಲುವಾಗಿ ಮಲ್ಲಯ್ಯಗ ದೀಪ ಹಚ್ಚತೀನಂದಾಳ, ಹೂಂನವ್ವಾ, ಅನ್ನುತ್ತಾಳೆ ತಾಯಿ, ಒಣ ಕೆಮ್ಮು ಕೆಮ್ಮುತ್ತಾಳೆ, ಕೆಮ್ಮಿನ ಮಾತೇ ನಾನು ಯಾರಿಗೂ ಹೇಳಿರಲಿಲ್ಲ, ಅದು ಆಕೆಯದೇ ಸೇರ್ಪಡೆ, ನನಗೆ ನಗು ಬರುತ್ತಿದೆ, ಮತ್ತು ಆಗ ಆ ವಾಸನೆ, ಮೊದಲು ಸ್ವಲ್ಪ, ಆಮೇಲೆ ಮೂಗಿಗೆ ಹತ್ತುವಷ್ಟು, ಕಾದ ಎಣ್ಣೆ, ಒಲೆಯ ಮೇಲೆ ಬಾಣಲೆ ಹಾಗೇ ಇದೆ, ಅಡುಗೆಮನೆಯ ಬಾಗಿಲಿನಿಂದ ನೀಲಿ ಹೊಗೆ ತೇಲಿಬಂತು, ನಾನು ಹೋಗಬಹುದಿತ್ತು, ನಾಲ್ಕು ಹೆಜ್ಜೆ, ನಾನೇ ಹೋಗಿ ಇಳಿಸಬಹುದಿತ್ತು, ಕಾಲು ಏಳಲಿಲ್ಲ, ಯಾಕೆ ಏಳಲಿಲ್ಲ, ಎಲ್ಲವನ್ನೂ ಹೆಂಗಸರು ಮಾಡಿ ಮುಗಿಸಲಿ ಎಂದು ಕಾಯುವವನು ನಾನು. ಅಯ್ಯ, ಎಣ್ಣಿ ಹೊತ್ತಾಕತ್ತದಲ್ರೀ, ಎಂದು ರೇವಮ್ಮ ಎದ್ದಳು, ಬೀಮಾರಾದವರು ಏಳಲಾರರು, ಗಂಡಸು ಕಂಬದ ಹಾಗೆ ನಿಂತಿದ್ದಾನೆ, ಆಕೆ ಹಿಂದೆಮುಂದೆ ನೋಡಲಿಲ್ಲ, ನಾ ಇಳಿಸ್ತೇನಿ, ನೀವು ಮಲಕ್ಕೋರಿ, ಎಂದು ಅಡುಗೆಮನೆಯ ಹೊಸ್ತಿಲ ಕಡೆಗೆ ಓಡಿದಳು, ಮತ್ತು ಮಂಚ ಕಿರುಗುಟ್ಟಿತು, ಕೌದಿ ನೆಲಕ್ಕೆ ಬಿತ್ತು, ಏಳಲಾರದ ನನ್ನ ತಾಯಿ, ನಿಶ್ಶಕ್ತಿಯ ನನ್ನ ತಾಯಿ, ಎರಡು ನೆಗೆತಕ್ಕೆ ಆಕೆಯನ್ನು ದಾಟಿ ಹೋಗಿ ಬಾಗಿಲಲ್ಲಿ ನಿಂತಳು, ಬಲಗೈಯನ್ನು ಚೌಕಟ್ಟಿಗೆ ಅಡ್ಡ ಇಟ್ಟು, ಒಳಗ ಬರಬ್ಯಾಡ, ಅಂದಳು, ಅದೇ ಗಟ್ಟಿ ದನಿ, ಓಣಿಗೆ ಕೇಳುವ ದನಿ, ಐದು ಬೆರಳು, ಮಣಿಕಟ್ಟಿನ ತನಕ ಹಿಟ್ಟು, ಒಣಗಿ ಬಿರುಕು ಬಿಟ್ಟ ಹಿಟ್ಟು.

ರೇವಮ್ಮನ ಒಂದು ಕಾಲು ಹೊಸ್ತಿಲ ಮೇಲಿತ್ತು, ಹಿಂದಕ್ಕೆ ತೆಗೆದಳು. ತಪ್ಪಾತ್ರಿ ಬಾಯಿ, ಅಂದಳು, ಗಡಿಬಿಡ್ಯಾಗ ಖಬರಿಲ್ಲದ ಬಂದೆ. ತಪ್ಪಾಯಿತು ಎಂದವಳು ಆಕೆ, ಆ ಪಡಸಾಲೆಯಲ್ಲಿ ಆ ಮಾತು ಹೇಳಬೇಕಿಲ್ಲದವಳು ಆಕೆಯೊಬ್ಬಳೇ, ಸುಳ್ಳು ಬರೆದ ನಾನು ಹೇಳಲಿಲ್ಲ, ಸುಳ್ಳು ಕೆಮ್ಮಿದ ತಾಯಿ ಹೇಳಲಿಲ್ಲ, ತಾಯಿಗೆ ಈಗ ತಿಳಿಯಿತು ತಾನು ಎದ್ದು ನಿಂತಿದ್ದೇನೆ ಎಂದು, ಮುಖ ಕೆಂಪಾಯಿತು, ಆದರೆ ಕೈ ಕೆಳಗೆ ಇಳಿಯಲಿಲ್ಲ, ಮಗನ ಸುಳ್ಳು ಹೋದರೆ ಹೋಗಲಿ, ಹೊಸ್ತಿಲು ಉಳಿಯಬೇಕು, ಕೈ ತಾನೇ ಹಾಗೆ ತೀರ್ಮಾನ ಮಾಡಿತ್ತು, ಆಕೆಯನ್ನು ಕೇಳದೆ, ಹಿಂದೆ ಒಲೆಯ ಮೇಲೆ ಎಣ್ಣೆ ಹೊಗೆಯಾಡುತ್ತಲೇ ಇತ್ತು. ನಾನು ರೇವಮ್ಮನ ಮುಖ ನೋಡಿದೆ, ಸಿಟ್ಟು ಹುಡುಕಿದೆ, ಬೈಯಲಿ, ಲೇ ಅನ್ನಲಿ, ನೋಟುಬುಕ್ಕು ಕಸಿದುಕೊಂಡು ಹೋಗಲಿ, ಏಳು ತಿಂಗಳು ನನ್ನ ಕೈ ರೊಟ್ಟಿ ಉಂಡಾನ ನಿನ್ನ ಮಗ ಎಂದು ತಾಯಿಯ ಮುಂದೆ ಹೇಳಿಬಿಡಲಿ, ಒಂದೇ ಮಾತು ಸಾಕಿತ್ತು, ಆಕೆ ಅದನ್ನು ಹೇಳಲಿಲ್ಲ, ತಾಯಿಯನ್ನು ತಲೆಯಿಂದ ಕಾಲಿನ ತನಕ ನೋಡಿದಳು, ಮತ್ತೆ ಆ ಕೈಯನ್ನು ನೋಡಿದಳು, ನಿಧಾನಕ್ಕೆ ಮುಖ ಅರಳಿತು, ನಿಜವಾಗಿ ಅರಳಿತು, ಎದ್ದು ನಿಂತ್ರಲ್ರಿ, ಅಂದಳು, ಆರಾಮ ಅದಾರ್ರಿ ಸರ್, ಅವ್ವಾರು ಆರಾಮ ಅದಾರ, ದೇವರು ದೊಡ್ಡಾಂವ. ಗಂಟನ್ನು ಗೋಡೆಯ ಬದಿಗೆ ಇಟ್ಟಳು, ಯಾರೂ ತುಳಿಯದ ಹಾಗೆ, ಕಾಲಿಗೆ ಚಪ್ಪಲಿ ಮೆಟ್ಟಿಕೊಂಡಳು, ಸಂಜೆಯ ತನಕ ಇರುತ್ತೇನೆ ಅಂದವಳು, ತಲೆಬಾಗಿಲಿನ ಹೊಸ್ತಿಲಾಚೆ ನಿಂತು ನನ್ನ ಕಡೆ ತಿರುಗಿದಳು, ಹಂಗಾರ ಸೋಮವಾರ ಸಾಲಿಗಿ ಬರ್ತೀರಲ್ರಿ ಸರ್. ಕೇಳಿದಳೋ, ಹೇಳಿದಳೋ, ತಿಳಿದು ಅಂದಳೋ, ತಿಳಿಯದೆ ಅಂದಳೋ, ಕಣ್ಣು ಮಾತ್ರ ನನ್ನ ಮೇಲಿಂದ ತೆಗೆಯಲಿಲ್ಲ. ಸೋಮವಾರ. ಸೋಮವಾರ ಹತ್ತೂವರೆ, ಜೇವರ್ಗಿ, ಈಗಲಾದರೂ ಹೇಳು, ಎರಡೇ ಮಾತು, ರೇವಮ್ಮ ಕಾಯುತ್ತಿದ್ದಾಳೆ, ಆಕೆಯ ಉಗುರಿನಲ್ಲಿ ಬಿಳಿ ಗೆರೆ, ನನ್ನ ತಾಯಿಗಾಗಿ ಒಡೆದ ನುಚ್ಚಿನದು, ಬಾಯಿ ತೆರೆಯುತ್ತೇನೆ, ಹೊಗೆ ಒಳಗೆ ಹೋಗುತ್ತದೆ, ಹೇಳುತ್ತೇನೆ, ಏನು, ಬರುತ್ತೇನೆ ಎಂದೇ, ಬರುವುದಿಲ್ಲ ಎಂದೇ, ಅಡುಗೆಮನೆಯ ಬಾಗಿಲಿಗೆ ಅಡ್ಡ ತಾಯಿಯ ಕೈ ಇನ್ನೂ ಹಾಗೇ ಇದೆ, ಐದು ಬೆರಳು, ಹಿಟ್ಟು, ಕೈ ಇನ್ನೂ ಇಳಿದಿಲ್ಲ, ಹಿಟ್ಟು ಹತ್ತಿದ ಕೈ, ಕೈ.